ಆಟಕ್ಕುಂಟು, ಲೆಕ್ಕಕ್ಕಿಲ್ಲ: ವಿಡಿಯೋ ಗೇಮಿನ ಮೊದಲ ಅಧ್ಯಾಯಗಳು ಪಾಠ ಹೇಳುವ ಬಗೆ

ಕಣ್ಣಾಮುಚ್ಚಾಲೆ ಆಡುವಾಗ ಮನೆಯ ಚಿಕ್ಕ ಮಗು ತಾನೂ ಬರ್ತೀನಿ ಅಂತ ಹಟ ಹಿಡಿಯುತ್ತದೆ. ಬೇಡ ಅಂದರೆ ಅಳುತ್ತದೆ. ಸೇರಿಸಿಕೊಂಡರೆ ಮೊದಲ ಸುತ್ತಿನಲ್ಲೇ ಸಿಕ್ಕಿಬಿದ್ದು ಮತ್ತೆ ಅಳುತ್ತದೆ. ಆಗ ದೊಡ್ಡ ಮಕ್ಕಳು ಒಂದು ಒಪ್ಪಂದಕ್ಕೆ ಬರುತ್ತಾರೆ: ‘ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.’ ಮಗು ಓಡುತ್ತದೆ, ಬಾಗಿಲ ಹಿಂದೆ ಅಡಗುತ್ತದೆ, ಸಿಕ್ಕಿಬೀಳುತ್ತದೆ. ಆದರೆ ಔಟ್ ಆಗುವುದಿಲ್ಲ. ಹೀಗೆ ಆಡುತ್ತಾ ಆಡುತ್ತಾ ಒಂದು ದಿನ ನೋಡಿದರೆ ಅದಕ್ಕೆ ನಿಯಮವೆಲ್ಲ ಬಂದಿರುತ್ತದೆ. ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ತಾನು ಲೆಕ್ಕಕ್ಕಿಲ್ಲ ಅನ್ನುವುದು ಮಗುವಿಗೆ ಗೊತ್ತಾಗಬಾರದು. ಗೊತ್ತಾದರೆ ಅದಕ್ಕೆ ಆಟವೇ ಬೇಡವಾಗುತ್ತದೆ. ‘ನನ್ನನ್ನ ಸುಮ್ನೆ ಸೇರಿಸಿಕೊಂಡಿದ್ದಾರೆ’ ಅಂತ ಮುನಿಸಿಕೊಂಡು ಹೋಗಿ ಅಮ್ಮನ ಪಕ್ಕ ಕೂರುತ್ತದೆ.

ವಿಡಿಯೋ ಗೇಮ್ ಮಾಡುವವರು ಎದುರಿಸುವುದು ಇದೇ ಸಮಸ್ಯೆಯನ್ನು. ಹೊಸದಾಗಿ ಕೈಗೆ ಕಂಟ್ರೋಲರ್ ತೆಗೆದುಕೊಂಡವನಿಗೆ ಯಾವ ಬಟನ್ ಒತ್ತಿದರೆ ಏನಾಗುತ್ತದೆ ಅಂತ ಗೊತ್ತಿಲ್ಲ. ಯಾವುದು ಅಪಾಯ, ಯಾವುದು ಲಾಭ ಅಂತಲೂ ಗೊತ್ತಿಲ್ಲ. ಅವನಿಗೆ ಕಲಿಸಬೇಕು. ಆದರೆ ಅವನು ಬಂದಿರುವುದು ಆಡಲಿಕ್ಕೆ, ಪಾಠ ಕೇಳಲಿಕ್ಕೆ ಅಲ್ಲ. ಹಾಗಾಗಿ ಎಷ್ಟೋ ಗೇಮ್‌ಗಳು ಬೇರೆ ತರಗತಿ ಇಡುವ ಬದಲು ಕಥೆಯ ಮೊದಲ ಕೆಲವು ಅಧ್ಯಾಯಗಳನ್ನೇ ಪಾಠ ಮಾಡುತ್ತವೆ. ಇದಕ್ಕೇ ಗೇಮಿನವರು ಟ್ಯುಟೋರಿಯಲ್ ಅನ್ನುತ್ತಾರೆ. ಚೆನ್ನಾಗಿ ಮಾಡಿದರೆ ಅದು ಕಣ್ಣಿಗೇ ಬೀಳುವುದಿಲ್ಲ. ಕೆಟ್ಟದಾಗಿ ಮಾಡಿದರೆ ಜನ ಅಲ್ಲಿಗೇ ಗೇಮ್ ಬಿಟ್ಟು ಎದ್ದು ಹೋಗುತ್ತಾರೆ.

ಮೊದಲಿಗೆ ಎಲ್ಲರಿಗೂ ಗೊತ್ತಿರುವ ಗೇಮನ್ನೇ ನೋಡೋಣ. 1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ‘ಸೂಪರ್ ಮಾರಿಯೊ ಬ್ರದರ್ಸ್’. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಅಗ್ಗದ ಟಿವಿ ಗೇಮ್ ಡಬ್ಬಿಗಳ ಕ್ಯಾಸೆಟ್‌ನಲ್ಲಿ ಇದು ಇದ್ದೇ ಇರುತ್ತಿತ್ತು. ನಾನು ಆಡಿದ ಡಬ್ಬಿಯ ಜೊತೆ ಹೇಗೆ ಆಡಬೇಕು ಅನ್ನುವ ಪುಸ್ತಕ ಬಂದಿರಲಿಲ್ಲ. ಬಂದಿದ್ದರೂ ಅದರ ಇಂಗ್ಲಿಷ್ ನಮಗೆ ಓದಲು ಬರುತ್ತಿರಲಿಲ್ಲ. ಆದರೂ ಅರ್ಧ ಗಂಟೆಯಲ್ಲಿ ಬೀದಿಯ ಮಕ್ಕಳಿಗೆಲ್ಲ ಆಟ ಬಂದಿತ್ತು. ಅದು ನಮ್ಮ ಜಾಣತನ ಅಂದುಕೊಂಡಿದ್ದೆವು. ಅದನ್ನು ಹಾಗೆ ಕಟ್ಟಿದವರ ಜಾಣತನ ಅಂತ ಎಷ್ಟೋ ವರ್ಷ ಆದಮೇಲೆ ಗೊತ್ತಾಯಿತು.

ಮೊದಲ ಲೆವೆಲ್‌ನ ಹೆಸರು 1-1. ಮಾರಿಯೊ ಪರದೆಯ ಎಡಗಡೆ ನಿಂತಿದ್ದಾನೆ, ಮುಖ ಬಲಕ್ಕೆ. ಬಲಗಡೆ ಖಾಲಿ ಜಾಗ ಜಾಸ್ತಿ. ಹಾಗಾಗಿ ಯಾರೇ ಆದರೂ ಬಲಕ್ಕೇ ನಡೆಯುತ್ತಾರೆ. ಸ್ವಲ್ಪ ಮುಂದೆ ಹೋದರೆ ಗೂಂಬಾ ಅನ್ನುವ ಕಂದು ಬಣ್ಣದ ಪ್ರಾಣಿ ಎದುರಿಗೆ ಬರುತ್ತದೆ. ಸುಮ್ಮನೆ ನಿಂತರೆ ಬಂದು ತಾಗುತ್ತದೆ, ಮಾರಿಯೊ ಸಾಯುತ್ತಾನೆ. ಆದರೆ ಕಳೆದುಕೊಂಡದ್ದು ಕೆಲವೇ ಸೆಕೆಂಡಿನ ನಡಿಗೆ. ಮತ್ತೆ ಶುರು. ಈ ಸಲ ಕೈ ತಾನಾಗಿ ಹಾರುವ ಬಟನ್ ಹುಡುಕುತ್ತದೆ. ಗೂಂಬಾ ಮೇಲೆ ಬಿದ್ದರೆ ಅದು ಅಪ್ಪಚ್ಚಿ. ಹಾರುವುದು ತಪ್ಪಿಸಿಕೊಳ್ಳಲಿಕ್ಕೂ ಆಗುತ್ತದೆ, ಹೊಡೆಯಲಿಕ್ಕೂ ಆಗುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಮುಂದಿನ ಭಾಗ ನನಗೆ ಇನ್ನೂ ಇಷ್ಟ. ತಲೆಯ ಮೇಲೆ ಪ್ರಶ್ನೆ ಗುರುತಿನ ಡಬ್ಬಿಗಳಿವೆ. ಒಂದಕ್ಕೆ ತಲೆ ಕೊಟ್ಟರೆ ನಾಣ್ಯ, ಇನ್ನೊಂದಕ್ಕೆ ಕೊಟ್ಟರೆ ಅಣಬೆ. ಆದರೆ ಅಣಬೆ ಒಳ್ಳೆಯದು ಅಂತ ನಿಮಗೆ ಹೇಗೆ ಗೊತ್ತಾಗಬೇಕು? ನೋಡಲು ಅದೂ ಸ್ವಲ್ಪ ಗೂಂಬಾ ತರಹವೇ ಇದೆ, ಅಲ್ವಾ? ಓಡಿ ತಪ್ಪಿಸಿಕೊಳ್ಳೋಣ ಅನ್ನಿಸುತ್ತದೆ. ಗೇಮ್ ಮಾಡಿದವರಿಗೆ ಈ ಹೆದರಿಕೆ ಮೊದಲೇ ಗೊತ್ತಿತ್ತು. ಅಣಬೆ ಬಲಕ್ಕೆ ಉರುಳುತ್ತದೆ, ಕೆಳಗೆ ಬೀಳುತ್ತದೆ, ಅಲ್ಲಿರುವ ಹಸಿರು ಪೈಪಿಗೆ ಬಡಿದು ವಾಪಸ್ ಮಾರಿಯೊ ಕಡೆಗೇ ಬರುತ್ತದೆ. ಗಾಬರಿಯಲ್ಲಿ ಹಾರಿದರೆ ತಲೆ ಮೇಲಿನ ಇಟ್ಟಿಗೆಗೆ ಬಡಿಯುತ್ತದೆ, ಮಾರಿಯೊ ಮತ್ತೆ ಅಣಬೆಯ ಮೇಲೆಯೇ ಇಳಿಯುತ್ತಾನೆ. ತಾಗಿದ ಕೂಡಲೇ ದೊಡ್ಡವನಾಗುತ್ತಾನೆ. ಈ ಜಾಗವನ್ನು ಬೇಕೆಂದೇ ಹೀಗೆ ಕಟ್ಟಿದ್ದು ಅಂತ ಗೇಮ್ ಮಾಡಿದ ಶಿಗೆರು ಮಿಯಾಮೊಟೊ ಅವರೇ ವಿವರಿಸಿದ್ದಾರೆ. ಒಂದು ಅಕ್ಷರವೂ ಇಲ್ಲದೆ ‘ಇದನ್ನು ತಗೋ, ಒಳ್ಳೆಯದು’ ಅಂತ ಹೇಳಿದ ಹಾಗಾಯಿತು.

ಆಮೇಲೆ ಪೈಪುಗಳು ಒಂದಕ್ಕಿಂತ ಒಂದು ಎತ್ತರ ಆಗುತ್ತಾ ಹೋಗುತ್ತವೆ. ಬಟನ್ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಜಾಸ್ತಿ ಎತ್ತರ ಹಾರಬಹುದು ಅಂತ ಕೈಗೆ ತಿಳಿಯುತ್ತದೆ. ಲೆವೆಲ್‌ನ ಕೊನೆಯ ಕಡೆ ಎದುರುಬದುರು ಎರಡು ಮೆಟ್ಟಿಲುಗಳಿವೆ. ನಡುವೆ ಹಾರಬೇಕು. ಅಲ್ಲಿ ಕೆಳಗೆ ನೆಲ ಇದೆ, ಬಿದ್ದರೆ ಎದ್ದು ಬರಬಹುದು. ಸ್ವಲ್ಪ ಮುಂದೆ ಹೆಚ್ಚುಕಡಿಮೆ ಅಂಥದ್ದೇ ಇನ್ನೊಂದು ಜೋಡಿ ಮೆಟ್ಟಿಲು. ಆದರೆ ಅಲ್ಲಿ ನೆಲ ಇಲ್ಲ, ಗುಂಡಿ ಇದೆ. ಮೊದಲನೆಯದು ಲೆಕ್ಕಕ್ಕಿಲ್ಲ, ಎರಡನೆಯದು ಲೆಕ್ಕಕ್ಕುಂಟು. ಆಡುವವನಿಗೆ ಮಾತ್ರ ಎರಡೂ ಒಂದೇ ಆಟ.

ಇದರ ಹಿಂದೆ ಇನ್ನೊಂದು ಸಂಗತಿ ಇದೆ. ಗೂಂಬಾ ಹುಟ್ಟಿದ್ದು ಗೇಮ್ ಮುಗಿಯುತ್ತಾ ಬಂದ ಮೇಲೆ. ಅದಕ್ಕೂ ಮೊದಲು ಇದ್ದದ್ದು ಕೂಪಾ ಟ್ರೂಪಾ ಅನ್ನುವ ಆಮೆ. ಆಮೆಯನ್ನು ತುಳಿದರೆ ಸಾಯುವುದಿಲ್ಲ, ಚಿಪ್ಪಿನೊಳಗೆ ಸೇರುತ್ತದೆ. ಆಮೇಲೆ ಚಿಪ್ಪನ್ನು ಒದೆಯಬೇಕು. ಅಂದರೆ ಎರಡು ಪಾಠ ಒಟ್ಟಿಗೆ. ಹೊಸಬನಿಗೆ ಇದು ಜಾಸ್ತಿ ಆಯಿತು ಅನ್ನಿಸಿ, ಬರೀ ತುಳಿದರೆ ಸಾಯುವ ಸುಲಭದ ಶತ್ರುವನ್ನು ಸೇರಿಸಿದರು. ಆಡುವವನು ಮೊದಲು ನೋಡುವ ಶತ್ರುವನ್ನು ಮಾಡಿದ್ದು ಕೊನೆಯಲ್ಲಿ. ಯೋಚಿಸಿದರೆ ಅದೇ ಸರಿಯಾದ ಕ್ರಮ. ಮುಂದೆ ಏನೆಲ್ಲ ಕೇಳುತ್ತೇವೆ ಅಂತ ಗೊತ್ತಾಗದೆ ಮೊದಲು ಏನು ಕಲಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಪಾಠವನ್ನೇ ಬೇರೆ ಮಾಡಿ ಮೆನುವಿನಲ್ಲಿ ಇಡುವ ದಾರಿಯೂ ಇತ್ತು. ವಾಲ್ವ್ ಕಂಪನಿಯ ‘ಹಾಫ್-ಲೈಫ್’ 1998ರಲ್ಲಿ ಬಂದಾಗ ಅದರಲ್ಲಿ ‘ಹಝಾರ್ಡ್ ಕೋರ್ಸ್’ ಅನ್ನುವ ತರಬೇತಿಯ ಜಾಗ ಪ್ರತ್ಯೇಕವಾಗಿತ್ತು. ಬೇಕಾದವರು ಹೋಗಿ ಕಲಿಯಬಹುದು, ಬೇಡವಾದವರು ನೇರ ಕಥೆಗೆ ಹೋಗಬಹುದು. ನ್ಯಾಯವಾಗಿಯೇ ಇದೆ ಅನ್ನಿಸುತ್ತದೆ. ಕಷ್ಟ ಏನೆಂದರೆ, ಕಲಿಯಬೇಕಾದವನಿಗೇ ತಾನು ಕಲಿಯಬೇಕು ಅಂತ ಗೊತ್ತಿರುವುದಿಲ್ಲ. ಹೋದರೂ ಅಲ್ಲಿ ಹತ್ತಾರು ಬಟನ್ ಒಟ್ಟಿಗೆ ಕಲಿತು, ಅದನ್ನು ಬಳಸುವ ಸಮಯ ಬರುವಷ್ಟರಲ್ಲಿ ಅರ್ಧ ಮರೆತಿರುತ್ತಾನೆ. ಕಿವಿಯಲ್ಲಿ ಕೇಳಿದ್ದನ್ನು ಕೈ ನೆನಪಿಟ್ಟುಕೊಳ್ಳುವುದಿಲ್ಲ. ಬೇಕಾದ ಹೊತ್ತಿಗೆ ಮಾಡಿದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಅದೇ ಕಂಪನಿ 2004ರಲ್ಲಿ ‘ಹಾಫ್-ಲೈಫ್ 2’ ತಂದಾಗ ದಾರಿ ಬದಲಿಸಿತು. ನೀವು ರೈಲಿನಲ್ಲಿ ಒಂದು ಊರಿಗೆ ಬಂದು ಇಳಿಯುತ್ತೀರಿ. ಆ ಊರು ಪರಕೀಯರ ಹಿಡಿತದಲ್ಲಿದೆ. ನಿಲ್ದಾಣದಲ್ಲಿ ಮುಖವಾಡ ಹಾಕಿದ ಕಾವಲುಗಾರ ದಾರಿಗೆ ಅಡ್ಡ ನಿಂತು ಒಂದು ಖಾಲಿ ಡಬ್ಬಿಯನ್ನು ನೆಲಕ್ಕೆ ಬೀಳಿಸುತ್ತಾನೆ. ಎತ್ತಿ ಕಸದ ಬುಟ್ಟಿಗೆ ಹಾಕು ಅನ್ನುತ್ತಾನೆ. ವಸ್ತುಗಳನ್ನು ಎತ್ತುವ ಬಟನ್ ಯಾವುದು ಅಂತ ಕಲಿಸುವ ಪಾಠ ಇದು, ಅಷ್ಟೇ. ಆದರೆ ಅದರ ಜೊತೆಗೇ ಈ ಊರಿನಲ್ಲಿ ಜನರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ನಿಮ್ಮ ಮೈಗೆ ತಟ್ಟುತ್ತದೆ. ಡಬ್ಬಿಯನ್ನು ಬುಟ್ಟಿಗೆ ಹಾಕಬಹುದು, ಸಿಟ್ಟು ಬಂದರೆ ಅವನ ಮುಖಕ್ಕೇ ಎಸೆಯಬಹುದು. ಎಸೆದರೆ ಲಾಠಿ ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ಎರಡರಲ್ಲೂ ಪಾಠ ಮುಗಿದಿರುತ್ತದೆ. ಈ ಒಂದು ನಿಮಿಷದಲ್ಲಿ ಕಥೆ ಯಾವುದು, ಟ್ಯುಟೋರಿಯಲ್ ಯಾವುದು ಅಂತ ಬಿಡಿಸಿ ಹೇಳಲಿಕ್ಕೆ ನನಗೆ ಸಾಧ್ಯವಿಲ್ಲ.

ಒಂದು ಬಟನ್ನಿಗೆ ಇದು ಸರಿ. ನಿಯಮಗಳು ನೂರಾರು ಇರುವ ಗೇಮ್ ಆದರೆ? ಅಲ್ಲಿ ಬೇಕಾಗುವುದು ಒಂದು ನಿಮಿಷವಲ್ಲ, ಹಲವು ಅಧ್ಯಾಯಗಳು.

ಇದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ‘ಫೈರ್ ಎಂಬ್ಲಮ್’. ಜಪಾನಿನಲ್ಲಿ 1990ರಲ್ಲೇ ಶುರುವಾದ ಸರಣಿ ಇದು. ಚದುರಂಗದ ಹಾಗೆ ಚೌಕಗಳ ಮೇಲೆ ಸೈನಿಕರನ್ನು ನಡೆಸುವ ಆಟ. ಆದರೆ ಇಲ್ಲಿ ಪ್ರತಿಯೊಂದು ಕಾಯಿಗೂ ಹೆಸರಿದೆ, ಮಾತಿದೆ, ಮನೆಮಠ ಇದೆ. ಎಲ್ಲಕ್ಕಿಂತ ಕಠಿಣ ನಿಯಮ ಒಂದಿದೆ: ಯುದ್ಧದಲ್ಲಿ ಸತ್ತವರು ಸತ್ತರು. ಮುಂದಿನ ಅಧ್ಯಾಯದಲ್ಲಿ ಅವರು ಇರುವುದಿಲ್ಲ. ಇಂಥ ಗೇಮ್ ಹದಿಮೂರು ವರ್ಷ ಜಪಾನಿನ ಹೊರಗೆ ಬರಲೇ ಇಲ್ಲ. 2003ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಮಾಡಿದ ಏಳನೆಯ ಕಂತು ಮೊದಲ ಸಲ ಅಮೆರಿಕಕ್ಕೆ ಹೋಯಿತು. ಅಲ್ಲಿ ಇದನ್ನು ಕೈಗೆ ತೆಗೆದುಕೊಂಡ ಬಹುಪಾಲು ಜನರಿಗೆ ಈ ಬಗೆಯ ಆಟವೇ ಹೊಸದು.

ಹಾಗಾಗಿ ದೊಡ್ಡ ಕಥೆಗೆ ಮೊದಲು ಒಂದು ಚಿಕ್ಕ ಕಥೆ. ಲಿನ್ ಅನ್ನುವ ಹುಡುಗಿಯದು. ಹುಲ್ಲುಗಾವಲಿನಲ್ಲಿ ಒಬ್ಬಳೇ ಇದ್ದಾಳೆ. ಅಪ್ಪ ಅಮ್ಮ, ತನ್ನ ಬುಡಕಟ್ಟಿನ ಜನ ದರೋಡೆಕೋರರ ಕೈಗೆ ಸಿಕ್ಕಿ ಸತ್ತಿದ್ದಾರೆ. ಪ್ರಜ್ಞೆ ತಪ್ಪಿ ಬಿದ್ದಿದ್ದ ನಿಮ್ಮನ್ನು ಅವಳು ಗುಡಾರಕ್ಕೆ ತಂದು ಆರೈಕೆ ಮಾಡುತ್ತಾಳೆ. ನೀವು ಯುದ್ಧತಂತ್ರ ಬಲ್ಲವರು, ಅವಳಿಗೆ ಕತ್ತಿ ಬರುತ್ತದೆ. ಅಷ್ಟರಲ್ಲಿ ಕಳ್ಳರು ಬರುತ್ತಾರೆ.

ಪೀಠಿಕೆಯ ಈ ಮೊದಲ ಯುದ್ಧದಲ್ಲಿ ನಿಮ್ಮ ಕಡೆ ಒಬ್ಬಳೇ, ಎದುರಿಗೆ ಇಬ್ಬರೇ. ಅವಳ ಕೈಯಲ್ಲಿ ಕತ್ತಿ, ಅವರ ಕೈಯಲ್ಲಿ ಕೊಡಲಿ. ಇದು ಸುಮ್ಮನೆ ಆದದ್ದಲ್ಲ. ಈ ಆಟದಲ್ಲಿ ಕತ್ತಿಗೆ ಕೊಡಲಿ ಸೋಲುತ್ತದೆ, ಕೊಡಲಿಗೆ ಭರ್ಜಿ ಸೋಲುತ್ತದೆ, ಭರ್ಜಿಗೆ ಕತ್ತಿ ಸೋಲುತ್ತದೆ. ಹೊಸಬ ಏನೂ ಗೊತ್ತಿಲ್ಲದೆ ಮುನ್ನುಗ್ಗಿದರೂ ಅವನ ಕಡೆಯೇ ತೂಕ ಇರುವ ಹಾಗೆ ನೋಡಿಕೊಂಡಿದ್ದಾರೆ.

ಒಂದನೆಯ ಅಧ್ಯಾಯದಲ್ಲಿ ಕೆಂಟ್, ಸೇನ್ ಅನ್ನುವ ಇಬ್ಬರು ಕುದುರೆ ಸವಾರರು ಸೇರುತ್ತಾರೆ. ಸೇನ್ ಹುಮ್ಮಸ್ಸಿನವನು. ಭರ್ಜಿ ಹಿಡಿದು ಕೊಡಲಿಯವನ ಮೇಲೆ ನುಗ್ಗಿ ಪೆಟ್ಟು ತಿನ್ನುತ್ತಾನೆ. ಕೆಂಟ್ ಅವನಿಗೆ ಬುದ್ಧಿ ಹೇಳುತ್ತಾನೆ. ಗಮನಿಸಿ, ಇಲ್ಲಿ ತಪ್ಪು ಮಾಡಿದ್ದು ನೀವಲ್ಲ, ಸೇನ್. ಬೈಸಿಕೊಂಡದ್ದೂ ಅವನೇ. ನಿಮಗೆ ಪಾಠ ಸಿಕ್ಕಿತು, ಜೊತೆಗೆ ಇಬ್ಬರು ಗೆಳೆಯರ ಸ್ವಭಾವವೂ ತಿಳಿಯಿತು. ಆಮೇಲಿನ ಅಧ್ಯಾಯಗಳಲ್ಲಿ ಒಂದೊಂದೇ ಹೊಸ ಸಂಗತಿ ಬರುತ್ತದೆ. ಬಿರುಕುಬಿಟ್ಟ ಗೋಡೆ ಒಡೆಯುವುದು. ರೆಕ್ಕೆಯ ಕುದುರೆ ಏರಿದ ಫ್ಲೊರಿನಾ, ಅವಳು ಬೆಟ್ಟ ದಾಟಬಲ್ಲಳು, ಆದರೆ ಬಿಲ್ಲುಗಾರರ ಹತ್ತಿರ ಸುಳಿಯಬಾರದು. ಬಾಗಿಲು, ಪೆಟ್ಟಿಗೆಗಳ ಬೀಗ ತೆಗೆಯುವ ಕಳ್ಳ ಮ್ಯಾಥ್ಯೂ. ಹೊಸ ನಿಯಮ ಹೆಚ್ಚಾಗಿ ಒಬ್ಬ ಹೊಸ ಮನುಷ್ಯನ ಜೊತೆ ಬರುತ್ತದೆ. ನಿಯಮ ಮರೆತರೂ ಮನುಷ್ಯ ಮರೆಯುವುದಿಲ್ಲ.

ಹೀಗೆ ಹತ್ತನೆಯ ಅಧ್ಯಾಯದವರೆಗೆ ಲಿನ್ ಕಥೆ ನಡೆದು ಮುಗಿಯುತ್ತದೆ. ಒಂದು ವರ್ಷದ ನಂತರ ಎಲಿವುಡ್ ಅನ್ನುವವನ ದೊಡ್ಡ ಕಥೆ ಶುರುವಾಗುತ್ತದೆ. ಈ ಎರಡರ ನಡುವಿನ ಬೆಸುಗೆಯೇ ನನ್ನನ್ನು ಈ ಲೇಖನ ಬರೆಯಲು ಕೂರಿಸಿದ್ದು. ಲಿನ್ ಕಥೆಯಲ್ಲಿ ನಿಮ್ಮ ತಪ್ಪಿನಿಂದ ಬಿದ್ದುಹೋದ ಸಂಗಾತಿ, ಆ ಕಥೆ ಮುಗಿಯುವವರೆಗೆ ವಾಪಸ್ ಬರುವುದಿಲ್ಲ. ನಿಮಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಆದರೆ ದೊಡ್ಡ ಕಥೆಯಲ್ಲಿ ಅವನು ಮತ್ತೆ ಕಾಣಿಸಿಕೊಳ್ಳುತ್ತಾನೆ. ಸತ್ತಿರಲಿಲ್ಲ. ಇನ್ನೊಂದು ಕಡೆ, ಲಿನ್ ಕಥೆಯಲ್ಲಿ ಪಳಗಿ ಮೇಲೇರಿದವರು ಆ ಬಲವನ್ನು ಹೊತ್ತುಕೊಂಡೇ ಬರುತ್ತಾರೆ. ಗಳಿಸಿದ್ದು ಲೆಕ್ಕಕ್ಕುಂಟು, ಕಳೆದುಕೊಂಡದ್ದು ಲೆಕ್ಕಕ್ಕಿಲ್ಲ. ಹೊಸಬನಿಗೆ ಇದಕ್ಕಿಂತ ಒಳ್ಳೆಯ ಒಪ್ಪಂದ ನಾನು ಬೇರೆ ಗೇಮಿನಲ್ಲಿ ನೋಡಿಲ್ಲ. ಆಡುವಾಗ ಇದು ಅವನಿಗೆ ಗೊತ್ತಿರುವುದಿಲ್ಲ, ಹಾಗಾಗಿ ಪ್ರತಿ ನಡೆಯನ್ನೂ ಉಸಿರು ಬಿಗಿಹಿಡಿದು ನಡೆಸುತ್ತಾನೆ.

ಇಷ್ಟೆಲ್ಲ ಹೊಗಳಿದರೂ ಒಂದು ದೂರು ಇದ್ದೇ ಇದೆ. ಆ ಅಧ್ಯಾಯಗಳು ಕೆಲವು ಕಡೆ ಕೈ ಹಿಡಿದು ಬಿಡುವುದೇ ಇಲ್ಲ. ಈ ಸೈನಿಕನನ್ನೇ ಆರಿಸು, ಈ ಚೌಕಕ್ಕೇ ಹೋಗು ಅಂತ ಹೇಳುತ್ತವೆ. ಬೇರೆ ನಡೆ ಒಪ್ಪುವುದಿಲ್ಲ. ಯೋಚನೆಯೇ ಆಟ ಆಗಿರುವ ಗೇಮಿನಲ್ಲಿ ಯೋಚನೆಯನ್ನು ತಾನೇ ಮಾಡಿಕೊಟ್ಟರೆ ಕಲಿಯುವುದು ಏನನ್ನು? ಅಲ್ಲಿ ಮಗುವಿಗೆ ಗೊತ್ತಾಗಿಬಿಡುತ್ತದೆ, ತಾನು ಲೆಕ್ಕಕ್ಕಿಲ್ಲ ಅಂತ. ಇಂಥ ಆಟ ಮೊದಲೇ ಬಲ್ಲವರಿಗೆ ಹತ್ತು ಅಧ್ಯಾಯ ಬಹಳ ಉದ್ದ.

ಹೀಗೆ ಕೈ ಹಿಡಿದು ನಡೆಸದೆ ಕಲಿಸಿದ್ದು ‘ಪೋರ್ಟಲ್’. 2007ರ ಗೇಮ್, ವಾಲ್ವ್ ಕಂಪನಿಯದೇ. ಒಂದು ಗೋಡೆಯಲ್ಲಿ ತೂತು ಮಾಡಿ ಇನ್ನೊಂದು ಗೋಡೆಯಲ್ಲಿ ಹೊರಬರುವ ಆಟ. ಹೇಳಿದರೆ ಅರ್ಥವಾಗುವುದು ಕಷ್ಟ, ಅಲ್ವಾ? ಅದಕ್ಕೇ ಮೊದಲ ಕೋಣೆಯಲ್ಲಿ ತೂತು ತಾನಾಗಿ ತೆರೆದುಕೊಳ್ಳುತ್ತದೆ. ಅದರೊಳಗೆ ನೋಡಿದರೆ ನಿಮ್ಮದೇ ದೇಹ ಬೇರೊಂದು ಕಡೆಯಿಂದ ಕಾಣುತ್ತದೆ. ಇದು ಬೇರೆ ಲೋಕಕ್ಕೆ ಹೋಗುವ ಬಾಗಿಲಲ್ಲ, ಇದೇ ಕೋಣೆಯ ಇನ್ನೊಂದು ಮೂಲೆ ಅಂತ ಆ ಒಂದು ನೋಟದಲ್ಲಿ ಹೊಳೆಯುತ್ತದೆ. ಕೆಲವು ಕೋಣೆ ಆದಮೇಲೆ ಕೈಗೆ ಗನ್ ಸಿಗುತ್ತದೆ, ಆದರೆ ಅದು ನೀಲಿ ತೂತನ್ನು ಮಾತ್ರ ಮಾಡುತ್ತದೆ. ಜೋಡಿಯ ಇನ್ನೊಂದು ತೂತು, ಕಿತ್ತಳೆ ಬಣ್ಣದ್ದು, ಮಾಡಲು ಸಿಗುವುದು ಇನ್ನೂ ಎಷ್ಟೋ ಕೋಣೆ ದಾಟಿದ ಮೇಲೆ. ಒಂದು ಪಾಠ ಪೂರ್ತಿ ಕೈವಶ ಆಗುವವರೆಗೆ ಇನ್ನೊಂದನ್ನು ಕೊಡುವುದಿಲ್ಲ.

ಕಥೆ ಇದಕ್ಕೆ ಹೇಗೆ ಹೊಂದಿಕೊಂಡಿದೆ ನೋಡಿ. ನೀವು ಒಂದು ಪ್ರಯೋಗಾಲಯದಲ್ಲಿ ಸಿಕ್ಕಿಕೊಂಡವರು. ಗ್ಲಾಡೋಸ್ ಅನ್ನುವ ಯಂತ್ರ ನಿಮ್ಮನ್ನು ಪರೀಕ್ಷೆ ಮಾಡುತ್ತಿದೆ. ಹಾಗಾಗಿ ಗೋಡೆಯ ಮೇಲೆ ಕೋಣೆಯ ನಂಬರ್ ಇರುವುದು, ಸೂಚನೆಯ ಚಿತ್ರಗಳಿರುವುದು, ಕಷ್ಟ ಹಂತಹಂತವಾಗಿ ಏರುವುದು ಎಲ್ಲ ಸಹಜ. 19ನೆಯ ಕೋಣೆಯ ಕೊನೆಗೆ ಆ ಯಂತ್ರ ನಿಮ್ಮನ್ನು ಬೆಂಕಿಗೆ ತಳ್ಳಲು ನೋಡುತ್ತದೆ. ನೀವು ತಪ್ಪಿಸಿಕೊಂಡು ಗೋಡೆಗಳ ಹಿಂದೆ, ಪೈಪು ತುಕ್ಕು ಧೂಳಿನ ಜಾಗಕ್ಕೆ ಬೀಳುತ್ತೀರಿ. ಅಲ್ಲಿ ನಂಬರ್ ಇಲ್ಲ, ಸೂಚನೆ ಇಲ್ಲ. ಆದರೆ ಕೈಗೆ ಎಲ್ಲವೂ ಬರುತ್ತದೆ. ಅಲ್ಲಿಯವರೆಗೆ ಆಡಿದ್ದೆಲ್ಲ ಪಾಠ ಅಂತ ನನಗೆ ಹೊಳೆದದ್ದು ಆ ಕತ್ತಲೆ ದಾರಿಯಲ್ಲಿ.

ಲೆಕ್ಕಕ್ಕಿಲ್ಲ ಅಂದರೆ ಸುಲಭ ಅಂತ ಅರ್ಥ ಅಲ್ಲ. 2011ರ ‘ಡಾರ್ಕ್ ಸೋಲ್ಸ್’ ಕಷ್ಟಕ್ಕೇ ಹೆಸರಾದ ಗೇಮ್. ಶುರುವಾಗುವುದು ಒಂದು ಸೆರೆಮನೆಯಲ್ಲಿ. ಬಟನ್‌ಗಳ ವಿವರ ನೆಲದ ಮೇಲೆ ಬರೆದ ಸಂದೇಶಗಳಲ್ಲಿದೆ, ಬೇಕಾದರೆ ಓದಿ. ನಿಮ್ಮ ಕೈಯಲ್ಲಿ ಮುರಿದ ಕತ್ತಿಯ ತುಂಡು. ಆಗಲೇ ಒಬ್ಬ ಬೃಹತ್ ರಾಕ್ಷಸ ಮೇಲಿನಿಂದ ಬಂದು ಬೀಳುತ್ತಾನೆ. ಹೊಡೆದರೆ ಅವನಿಗೆ ಲೆಕ್ಕವೇ ಇಲ್ಲ. ಎಡಗಡೆ ಒಂದು ಚಿಕ್ಕ ಬಾಗಿಲು ತೆರೆದಿದೆ. ಓಡಬೇಕು. ಒಳಗೆ ಸರಿಯಾದ ಆಯುಧ ಸಿಗುತ್ತದೆ, ಗುರಾಣಿ ಸಿಗುತ್ತದೆ. ಸುತ್ತಿ ಬಂದು ಅದೇ ರಾಕ್ಷಸನ ತಲೆಯ ಮೇಲೆ, ಎತ್ತರದಿಂದ ಕತ್ತಿ ಊರಿ ಧುಮುಕುತ್ತೀರಿ. ಈ ಗೇಮಿನಲ್ಲಿ ಓಡಿಹೋಗುವುದು ನಾಚಿಕೆಯಲ್ಲ, ತಯಾರಾಗಿ ವಾಪಸ್ ಬರಬಹುದು ಅನ್ನುವುದೇ ಪಾಠ. ಮುಂದೆ ಹತ್ತಾರು ಗಂಟೆ ನಿಮ್ಮನ್ನು ನಡೆಸುವುದು ಇದೇ.

ಇದಕ್ಕೆ ಪೂರ್ತಿ ಉಲ್ಟಾ ‘ಡ್ರೈವರ್’. 1999ರಲ್ಲಿ ಬಂದ ಕಾರಿನ ಗೇಮ್. ಅದರ ಕಥೆ ಒಂದು ಪಾರ್ಕಿಂಗ್ ಗ್ಯಾರೇಜಿನಲ್ಲಿ ಶುರು. ಕಾರನ್ನು ಹಾವಿನ ಹಾಗೆ ಕಂಬಗಳ ನಡುವೆ ನುಗ್ಗಿಸುವುದು, ಗಿರ್ರನೆ ಪೂರ್ತಿ ಸುತ್ತಿಸುವುದು, ಹಿಮ್ಮುಖವಾಗಿ ಓಡಿಸಿ ತಿರುಗಿಸುವುದು, ಹೀಗೆ ಒಂದು ಪಟ್ಟಿ. ಎಲ್ಲವನ್ನೂ 60 ಸೆಕೆಂಡಿನಲ್ಲಿ ಮಾಡಿ ತೋರಿಸಬೇಕು. ಆಗದಿದ್ದರೆ ಕಥೆಯೊಳಗೆ ಪ್ರವೇಶವೇ ಇಲ್ಲ. ಇದು ಪಾಠ ಅಲ್ಲ, ಪಾಠಕ್ಕಿಂತ ಮೊದಲೇ ಇಟ್ಟ ಪರೀಕ್ಷೆ. ಮಗುವನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿದ ಹಾಗೆ. ಆ ಗ್ಯಾರೇಜ್ ದಾಟದೆ ಗೇಮನ್ನೇ ಕೈಬಿಟ್ಟವರ ಕಥೆಗಳನ್ನು ಇಂದಿಗೂ ಕೇಳುತ್ತೇವೆ. ನನಗೆ ಬೇಸರ ಆಗುವುದು ಕಷ್ಟ ಇದೆ ಅಂತಲ್ಲ. ಬಾಗಿಲಿಗೆ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿದರಲ್ಲ ಅಂತ.

ಇನ್ನು ಒಂದು ಪ್ರಶ್ನೆ ಉಳಿಯಿತು. ಎರಡನೆಯ ಸಲ ಆಡುವವನ ಗತಿ ಏನು? ಅವನಿಗೆ ಎಲ್ಲ ಗೊತ್ತು. ಬರೀ ಮಾತಿನಿಂದ ಕಟ್ಟಿದ ಪಾಠ ಅವನಿಗೆ ಹೊರೆ. ಮಾರಿಯೊ 1-1ರಲ್ಲಿ ಈ ತೊಂದರೆ ಇಲ್ಲ, ಬಲ್ಲವನು ಅದನ್ನು ಅರ್ಧ ನಿಮಿಷದ ಆಸುಪಾಸಿನಲ್ಲಿ ಓಡಿಕೊಂಡೇ ಮುಗಿಸುತ್ತಾನೆ. ಯಾಕೆಂದರೆ ಪಾಠ ಅವನನ್ನು ತಡೆದು ನಿಲ್ಲಿಸುವುದಿಲ್ಲ. ಅದು ನೆಲದಲ್ಲೇ ಇದೆ, ಪೈಪಿನ ಎತ್ತರದಲ್ಲೇ ಇದೆ.

‘ಫೈರ್ ಎಂಬ್ಲಮ್’ ಇದಕ್ಕೆ ತನ್ನದೇ ಒಂದು ಉತ್ತರ ಕೊಟ್ಟಿದೆ. ಒಮ್ಮೆ ಮುಗಿಸಿದವರಿಗೆ ಲಿನ್ ಕಥೆಯನ್ನು ಹಾರ್ಡ್ ಮೋಡ್‌ನಲ್ಲಿ, ಅಂದರೆ ಇನ್ನೂ ಕಷ್ಟದ ರೂಪದಲ್ಲಿ, ಆಡಲು ಬಿಡುತ್ತದೆ. ಅಲ್ಲಿ ಸೂಚನೆಗಳೆಲ್ಲ ಮಾಯ. ಯಾರನ್ನು ಆರಿಸಬೇಕು, ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ನಾನು ಅದನ್ನು ಹಾಕಿ ಪೀಠಿಕೆಯ ಆ ಹುಲ್ಲುಗಾವಲನ್ನು ಮತ್ತೆ ನೋಡಿದೆ. ಲಿನ್ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಕತ್ತಿ. ದೂರದಲ್ಲಿ ಗುಡಾರದ ಬಳಿ ಕಳ್ಳರ ನಾಯಕ, ಕೈಯಲ್ಲಿ ಅದೇ ಕೊಡಲಿ.